ಡಾಕ್ಟರ್ ನಿಜವಾದವರಾ ಅಂತ ಚೆಕ್ ಮಾಡೋದು ಹೇಗೆ, ತಪ್ಪಾದ್ರೆ ದೂರು ಎಲ್ಲಿ ಕೊಡೋದು: ಕರ್ನಾಟಕದವರಿಗೆ ಹಂತ ಹಂತವಾಗಿ

ಈ ಎರಡು ಪ್ರಶ್ನೆ ಜನ ನನ್ನನ್ನ ಕೇಳ್ತಾನೇ ಇರ್ತಾರೆ. ಒಂದು, "ನಮ್ಮ ಏರಿಯಾದಲ್ಲಿ ಕ್ಲಿನಿಕ್ ಇಟ್ಟಿರೋರು ನಿಜವಾಗ್ಲೂ ಡಾಕ್ಟರಾ, ಹೇಗೆ ಗೊತ್ತಾಗುತ್ತೆ?" ಇನ್ನೊಂದು, "ಆಸ್ಪತ್ರೇಲಿ ಹೀಗಾಯ್ತು, ಯಾರಿಗೆ ಕಂಪ್ಲೇಂಟ್ ಕೊಡ್ಲಿ?" ಮೊದಲನೇದಕ್ಕೆ ಐದು ನಿಮಿಷ ಸಾಕು, ಮೊಬೈಲ್ ಇದ್ರೆ ಆಯ್ತು. ಎರಡನೇದು ಹಾಗಲ್ಲ, ಅದ್ರಲ್ಲಿ ಜನ ವರ್ಷಗಟ್ಟಲೆ ಕಳ್ಕೊಳ್ತಾರೆ, ಅದಕ್ಕೆ ಮುಖ್ಯ ಕಾರಣ ತಪ್ಪು ಬಾಗಿಲು ತಟ್ಟೋದು. ಪರಿಹಾರದ ದುಡ್ಡು ಬೇಕಿರೋರು ಮೆಡಿಕಲ್ ಕೌನ್ಸಿಲ್‌ಗೆ ಹೋಗ್ತಾರೆ, ಡಾಕ್ಟರ್ ಲೈಸೆನ್ಸ್ ಹೋಗ್ಬೇಕು ಅನ್ನೋರು ಕನ್ಸ್ಯೂಮರ್ ಕೋರ್ಟ್‌ಗೆ ಹೋಗ್ತಾರೆ, ಎರಡೂ ಕಡೆ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನೋ ಉತ್ತರ ಸಿಗುತ್ತೆ. ಅದಕ್ಕೇ ಎರಡನ್ನೂ ಒಂದೇ ಕಡೆ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಎರಡು ಪದ ತಿಳ್ಕೊಳ್ಳಿ. ರಿಜಿಸ್ಟರ್ ಅಂದ್ರೆ ಸರ್ಕಾರದ ಕಾಯ್ದೆ ಪ್ರಕಾರ ಇಟ್ಟಿರೋ ಹೆಸರುಗಳ ಪಟ್ಟಿ, ಅದ್ರಲ್ಲಿ ಹೆಸರಿದ್ರೆ ಮಾತ್ರ ಚಿಕಿತ್ಸೆ ಕೊಡೋ ಹಕ್ಕು. ಡಿಗ್ರಿ ಇದ್ರೆ ಸಾಲದು, ಹೆಸರು ರಿಜಿಸ್ಟರ್‌ನಲ್ಲಿ ಇರ್ಲೇಬೇಕು. ಕೌನ್ಸಿಲ್ ಅಂದ್ರೆ ಆ ಪಟ್ಟಿ ಕಾಯೋ ಸಂಸ್ಥೆ, ಹೆಸರು ಸೇರಿಸೋದೂ ಅವರೇ, ತಪ್ಪು ಮಾಡಿದ್ರೆ ತೆಗೆಯೋದೂ ಅವರೇ. ನಮ್ಮ ರಾಜ್ಯದಲ್ಲಿ ಅಲೋಪತಿ ಡಾಕ್ಟರ್‌ಗಳಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಅಂದ್ರೆ ಕೆಎಂಸಿ. ಇದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆ ಪ್ರಕಾರ ನಡೆಯುತ್ತೆ. ದೆಹಲೀಲಿ ಇದರ ಮೇಲೆ ನ್ಯಾಷನಲ್ ಮೆಡಿಕಲ್ ಕಮಿಷನ್ ಇದೆ, 2020ರ ಸೆಪ್ಟೆಂಬರ್‌ನಲ್ಲಿ ಹಳೇ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಜಾಗಕ್ಕೆ ಬಂದಿದ್ದು.

ಹಂತ 1: ಅವರು ಯಾವ ಪದ್ಧತಿಯವರು, ಯಾವ ಕೌನ್ಸಿಲ್ ಅಂತ ಗುರುತು ಮಾಡಿ

ಹೆಸರಿನ ಹಿಂದೆ "ಡಾ." ಇದೆ ಅನ್ನೋದರಿಂದ ಏನೂ ತೀರ್ಮಾನ ಮಾಡ್ಬೇಡಿ. ಎಂಬಿಬಿಎಸ್ ಮಾಡಿದವರೂ ಹಾಕ್ತಾರೆ, ಬಿಎಎಂಎಸ್ ಮಾಡಿದವರೂ ಹಾಕ್ತಾರೆ, ಹಲ್ಲಿನ ಡಾಕ್ಟರೂ ಹಾಕ್ತಾರೆ, ಪಿಎಚ್‌ಡಿ ಮಾಡಿದ ಮೇಷ್ಟ್ರೂ ಹಾಕ್ತಾರೆ. ನೋಡ್ಬೇಕಾಗಿರೋದು ಹೆಸರಿನ ಮುಂದಿರೋ ಡಿಗ್ರಿ.

ಎಂಬಿಬಿಎಸ್, ಅದರ ಮೇಲಿನ ಎಂಡಿ, ಎಂಎಸ್, ಡಿಎನ್‌ಬಿ, ಡಿಎಂ, ಎಂಸಿಎಚ್ ಇವೆಲ್ಲ ಕೆಎಂಸಿ. ಬಿಡಿಎಸ್, ಎಂಡಿಎಸ್ ಅಂದ್ರೆ ದಂತ ವೈದ್ಯರು, ಅವರಿಗೆ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತು. ಬಿಎಎಂಎಸ್ (ಆಯುರ್ವೇದ), ಬಿಯುಎಂಎಸ್ (ಯುನಾನಿ), ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಇವರಿಗೆ ಬೇರೆ ಮಂಡಳಿ, ಬಿಎಚ್‌ಎಂಎಸ್ ಅಂದ್ರೆ ಹೋಮಿಯೋಪತಿ, ಅದಕ್ಕೂ ಬೇರೆ ಮಂಡಳಿ. ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್, ಮೆಡಿಕಲ್ ಶಾಪ್‌ನಲ್ಲಿ ಔಷಧಿ ಕೊಡೋರಿಗೆ ಫಾರ್ಮಸಿ ಕೌನ್ಸಿಲ್. ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಷಿಯನ್ ಥರದವರಿಗೆ ತುಂಬಾ ವರ್ಷ ಸರಿಯಾದ ಕಾಯ್ದೆನೇ ಇರ್ಲಿಲ್ಲ, 2021ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆ ಬಂತು. ಮನೋರೋಗಕ್ಕೆ ಮಾತ್ರೆ ಬರ್ಕೊಡೋ ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಡಾಕ್ಟರೇ, ಆದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋರು ಡಾಕ್ಟರ್ ಅಲ್ಲ, ಅವರನ್ನ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಪಟ್ಟೀಲಿ ಹುಡುಕ್ಬೇಕು. "ಕೌನ್ಸೆಲರ್", "ಹೀಲರ್", "ಥೆರಪಿಸ್ಟ್" ಅಂತಷ್ಟೇ ಬೋರ್ಡ್ ಇದ್ರೆ ಅವರ ಓದು ಏನು ಅಂತ ನೇರವಾಗಿ ಕೇಳಿ, ಯಾಕಂದ್ರೆ ಆ ಪದಗಳನ್ನ ಯಾರು ಬೇಕಾದ್ರೂ ಹಾಕ್ಕೋತಾರೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಬೋರ್ಡ್‌ಗಳಲ್ಲಿ "ಎಂಡಿ (ಎಎಂ)", "ಬಿಇಎಂಎಸ್", "ಆರ್‌ಎಂಪಿ" ಅಂತ ಇರುತ್ತೆ. ಎಎಂ ಅಂದ್ರೆ ಆಲ್ಟರ್ನೇಟಿವ್ ಮೆಡಿಸಿನ್, ಬಿಇಎಂಎಸ್ ಅಂದ್ರೆ ಎಲೆಕ್ಟ್ರೋಹೋಮಿಯೋಪತಿ. ಇವು ಯಾವ್ದೂ ಎಂಬಿಬಿಎಸ್‌ಗೆ ಸಮ ಅಲ್ಲ, ಇದನ್ನ ಇಟ್ಕೊಂಡು ಇಂಜೆಕ್ಷನ್ನು, ಡ್ರಿಪ್ಪು, ಆಂಟಿಬಯಾಟಿಕ್ ಕೊಡೋ ಹಕ್ಕು ಬರಲ್ಲ. ಆರ್‌ಎಂಪಿ ಅನ್ನೋದು ಡಿಗ್ರಿನೇ ಅಲ್ಲ, ಕಾಯ್ದೇಲಿ ಅದರ ಅರ್ಥ "ನೋಂದಾಯಿತ ವೈದ್ಯ" ಅಂತಷ್ಟೇ, ಹಳ್ಳಿಗಳಲ್ಲಿ ಮಾತ್ರ ನೋಂದಣಿ ಇಲ್ದವರೇ ಅದನ್ನ ಹೆಸರಿನ ಮುಂದೆ ಬರ್ಕೊಂಡಿರೋದು ಜಾಸ್ತಿ. ಹಾಗೆ ಬರೆದಿದ್ರೆ ನಂಬರ್ ಕೇಳಿ. ಫಾರಿನ್‌ನಲ್ಲಿ ಎಂಬಿಬಿಎಸ್ ಓದಿ ಬಂದವ್ರು ಇಲ್ಲಿ ಒಂದು ಸ್ಕ್ರೀನಿಂಗ್ ಪರೀಕ್ಷೆ ಪಾಸ್ ಮಾಡಿ ರಿಜಿಸ್ಟರ್ ಆಗಿರ್ಬೇಕು, ಆಗಿದ್ರೆ ಅವರೂ ಪೂರ್ತಿ ಡಾಕ್ಟರೇ, ಅದ್ರಲ್ಲಿ ಅನುಮಾನ ಪಡೋಕೆ ಏನೂ ಇಲ್ಲ.

ಹಂತ 2: ನಂಬರ್ ಹುಡುಕಿ, ರಿಜಿಸ್ಟರ್‌ನಲ್ಲಿ ನೋಡಿ

ವೈದ್ಯರ ನಡವಳಿಕೆಗೆ 2002ರ ನಿಯಮಾವಳಿ ಅಂತ ಒಂದಿದೆ. ಇದರ ಜಾಗಕ್ಕೆ 2023ರ ಆಗಸ್ಟ್‌ನಲ್ಲಿ ಹೊಸದು ತಂದ್ರು, ಅದೇ ತಿಂಗಳು ತಡೆ ಹಿಡಿದ್ರು, ಹಾಗಾಗಿ 2002ರದ್ದೇ ಮತ್ತೆ ಚಾಲ್ತಿಗೆ ಬಂತು. ಅದರ ಪ್ರಕಾರ ಡಾಕ್ಟರ್ ತಮ್ಮ ನೋಂದಣಿ ಸಂಖ್ಯೆಯನ್ನ ಕ್ಲಿನಿಕ್‌ನಲ್ಲಿ ಕಾಣೋ ಹಾಗೆ ಹಾಕ್ಬೇಕು, ಚೀಟಿ ಮೇಲೆ, ಸರ್ಟಿಫಿಕೇಟ್ ಮೇಲೆ, ದುಡ್ಡು ತಗೊಂಡ ರಸೀದಿ ಮೇಲೂ ಇರ್ಬೇಕು. ಇದು ಅವರ ಉಪಕಾರ ಅಲ್ಲ, ಕರ್ತವ್ಯ. ಹಾಗಾಗಿ ನಂಬರ್ ಕೇಳೋಕೆ ಸಂಕೋಚ ಪಡ್ಬೇಡಿ. "ಸರ್, ಇನ್ಶೂರೆನ್ಸ್‌ಗೆ ನಿಮ್ಮ ಕೆಎಂಸಿ ನಂಬರ್ ಬೇಕಿತ್ತು" ಅಂದ್ರೂ ಸಾಕು, ಸರಿಯಾದ ಡಾಕ್ಟರ್ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನಂಬರ್ ಸಿಕ್ಕ ಮೇಲೆ ಕೆಎಂಸಿ ವೆಬ್‌ಸೈಟ್‌ನಲ್ಲಿ ಡಾಕ್ಟರ್ ಹುಡುಕೋ ಪುಟ ಇದೆ, ಅಲ್ಲಿ ಹಾಕಿ. ಬೇರೆ ರಾಜ್ಯದಲ್ಲಿ ಓದಿ ಬಂದವ್ರಾದ್ರೆ ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟ್‌ನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಅಂತ ಇದೆ, ಅಲ್ಲಿ ಹೆಸರು, ನಂಬರ್, ರಾಜ್ಯದ ಕೌನ್ಸಿಲ್, ಯಾವ್ದ್ರಿಂದ ಬೇಕಾದ್ರೂ ಹುಡುಕ್ಬಹುದು. ಆಯುರ್ವೇದ, ಹೋಮಿಯೋಪತಿ, ದಂತ ವೈದ್ಯರಿಗೆ ಅವರವರ ಮಂಡಳಿ ಪಟ್ಟಿ.

ಇಲ್ಲಿ ಜನ ಎಡವೋ ಜಾಗಗಳಿವೆ, ನಿಧಾನವಾಗಿ ಓದಿ.

ಬರೀ ಹೆಸರು ಹಾಕಿ ಹುಡುಕ್ಬೇಡಿ. ಮಂಜುನಾಥ್, ಶ್ರೀನಿವಾಸ್ ಅಂತ ಹಾಕಿದ್ರೆ ಸಾಲು ಸಾಲು ಬರುತ್ತೆ, ಅದ್ರಲ್ಲಿ ನಿಮ್ಮ ಡಾಕ್ಟರ್ ಯಾರು ಅಂತ ಹೇಳೋಕಾಗಲ್ಲ. ನಂಬರ್ ಹಾಕಿ, ಬಂದ ಹೆಸರು, ಡಿಗ್ರಿ, ಕಾಲೇಜು, ವರ್ಷ ಎಲ್ಲಾ ಹೊಂದುತ್ತಾ ನೋಡಿ. ನಕಲಿಗಳು ಹಲವು ಸಲ ಸುಳ್ಳು ನಂಬರ್ ಹಾಕಲ್ಲ, ಬೇರೆ ಯಾರದೋ ಅಸಲಿ ನಂಬರ್ ಹಾಕ್ತಾರೆ. 1980ರ ದಶಕದಲ್ಲಿ ರಿಜಿಸ್ಟರ್ ಆದ ನಂಬರು, ಎದುರಿಗೆ ಕೂತಿರೋರು ಮೂವತ್ತು ವರ್ಷದವರು ಅಂದ್ರೆ ಅಲ್ಲೇ ಗೊತ್ತಾಗುತ್ತೆ.

ಎರಡನೇದು, ನೋಂದಣಿ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಆಗ್ಬೇಕು, ಯಾವ ತಾರೀಕಿನವರೆಗೆ ಇದೆ ಅಂತ ನೋಡಿ. ರಿನ್ಯೂವಲ್ ಆಗಿಲ್ಲ ಅಂದ ತಕ್ಷಣ ಅವರು ನಕಲಿ ಅಂತ ಅಲ್ಲ, ಮರೆತಿರೋ ಹಿರಿಯ ಡಾಕ್ಟರ್‌ಗಳೂ ಇದಾರೆ. ಆದ್ರೆ ಕೇಳೋ ಹಕ್ಕು ನಿಮಗಿದೆ.

ಮೂರನೇದು ಇದಕ್ಕೆ ಉಲ್ಟಾ. ಆನ್‌ಲೈನ್‌ನಲ್ಲಿ ಹೆಸರು ಸಿಗ್ಲಿಲ್ಲ ಅಂತ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಪ್ ಗ್ರೂಪಿಗೆಲ್ಲಾ "ನಕಲಿ ಡಾಕ್ಟರ್" ಅಂತ ಹಾಕ್ಬೇಡಿ. ಪಟ್ಟಿಗಳು ಅಪ್‌ಡೇಟ್ ಆಗೋದು ತಡ, ಹೆಸರಿನ ಸ್ಪೆಲ್ಲಿಂಗ್ ಬೇರೆ ಇರುತ್ತೆ, ಮದುವೆ ಆದ್ಮೇಲೆ ಹೆಸರು ಬದಲಾಗಿರುತ್ತೆ. 2024ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಸೇರಿ ನ್ಯಾಷನಲ್ ಮೆಡಿಕಲ್ ರಿಜಿಸ್ಟರ್ ಪೋರ್ಟಲ್ ಶುರು ಮಾಡಿದಾರೆ, ಪ್ರತಿ ಡಾಕ್ಟರ್‌ಗೂ ಒಂದೇ ಐಡಿ ಬರ್ಬೇಕು ಅನ್ನೋದು ಉದ್ದೇಶ, ಆದ್ರೆ ಅದ್ರಲ್ಲಿ ಹೆಸರಿಲ್ಲ ಅನ್ನೋದನ್ನೇ ಸಾಕ್ಷಿ ಮಾಡ್ಕೊಳ್ಳೋಕಾಗಲ್ಲ. ಅನುಮಾನ ಇದ್ರೆ ಕೌನ್ಸಿಲ್‌ಗೆ ಪತ್ರ ಇಲ್ಲಾ ಈಮೇಲ್ ಬರೆದು ಲಿಖಿತವಾಗಿ ಕೇಳಿ. ಒಬ್ಬ ಒಳ್ಳೇ ಡಾಕ್ಟರ್ ಹೆಸರು ಕೆಡಿಸಿದ್ರೆ ಅದನ್ನ ವಾಪಸ್ ತರೋಕೆ ಆಗಲ್ಲ.

ಹಂತ 3: ಕ್ಲಿನಿಕ್‌ಗೂ ಲೈಸೆನ್ಸ್ ಇದೆಯಾ ನೋಡಿ

ಡಾಕ್ಟರ್ ನೋಂದಣಿ ಬೇರೆ, ಕ್ಲಿನಿಕ್ ನೋಂದಣಿ ಬೇರೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್, ಕ್ಲಿನಿಕ್, ಲ್ಯಾಬ್ ಎಲ್ಲಾ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗ್ಬೇಕು, ಎಲ್ಲರೂ ಕೆಪಿಎಂಇ ಅಂತಾರೆ. ಜಿಲ್ಲೆಯಲ್ಲಿ ಇದಕ್ಕೆ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅಂದ್ರೆ ಡಿಎಚ್‌ಒ ಸದಸ್ಯ ಕಾರ್ಯದರ್ಶಿ.

ಕೆಪಿಎಂಇ ಸರ್ಟಿಫಿಕೇಟ್ ಗೋಡೆ ಮೇಲೆ ಇರ್ಬೇಕು, ದರಪಟ್ಟಿನೂ ಇರ್ಬೇಕು. ಬೋರ್ಡ್ ಮೇಲೆ ಕೆಪಿಎಂಇ ನಂಬರ್ ಹಾಕ್ಬೇಕು, ಅಲೋಪತಿಯವರಿಗೆ ನೀಲಿ, ಆಯುರ್ವೇದದವರಿಗೆ ಹಸಿರು ಬಣ್ಣದ ಬೋರ್ಡ್ ಇರ್ಬೇಕು ಅಂತ 2024ರಲ್ಲಿ ಆರೋಗ್ಯ ಇಲಾಖೆ ಹೇಳಿತ್ತು. ದೂರದಿಂದ್ಲೇ ಯಾವ ಪದ್ಧತಿ ಅಂತ ಗೊತ್ತಾಗ್ಲಿ ಅಂತ ಮಾಡಿದ್ದು, ನನ್ನ ಪ್ರಕಾರ ಒಳ್ಳೇ ಕೆಲಸ, ಓದೋಕೆ ಬರದೇ ಇರೋರಿಗೂ ಉಪಯೋಗ ಆಗುತ್ತೆ.

ನೋಡ್ಬೇಕಾದ್ದು ಇಷ್ಟೇ: ಸರ್ಟಿಫಿಕೇಟ್‌ನಲ್ಲಿರೋ ಹೆಸರು, ವಿಳಾಸ, ಪದ್ಧತಿ ಎದುರಿಗಿರೋ ಕ್ಲಿನಿಕ್‌ಗೆ ಹೊಂದುತ್ತಾ. ಆಯುರ್ವೇದ ಅಂತ ಲೈಸೆನ್ಸ್ ತಗೊಂಡು ಒಳಗೆ ಡ್ರಿಪ್ ಸ್ಟ್ಯಾಂಡ್‌ಗಳ ಸಾಲು ಇದ್ರೆ ಕೇಳ್ಬೇಕಾದ ವಿಷಯ.

ಹಂತ 4: ತಮ್ಮ ಓದಿನ ಒಳಗೇ ಕೆಲಸ ಮಾಡ್ತಿದಾರಾ?

ಇದು ಸ್ವಲ್ಪ ಕಷ್ಟದ ಭಾಗ, ಯಾಕಂದ್ರೆ ಇಲ್ಲಿ ಎದುರಿಗಿರೋರು ನಕಲಿ ಅಲ್ಲ, ನಿಜವಾದ ಡಿಗ್ರಿ ಇರೋರೇ, ಆದ್ರೆ ಅದರ ಗಡಿ ದಾಟಿರ್ತಾರೆ.

1996ರಲ್ಲಿ ಸುಪ್ರೀಂ ಕೋರ್ಟ್ ಪೂನಂ ವರ್ಮಾ ಕೇಸ್‌ನಲ್ಲಿ ಇದನ್ನ ಸ್ಪಷ್ಟ ಮಾಡ್ತು. ಹೋಮಿಯೋಪತಿ ಓದಿದ ಡಾಕ್ಟರ್ ಅಲೋಪತಿ ಔಷಧಿ ಕೊಟ್ಟು ರೋಗಿ ತೀರ್ಕೊಂಡ ಕೇಸ್ ಅದು. ತನಗೆ ಓದಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡೋದೇ ನಿರ್ಲಕ್ಷ್ಯ, ಬೇರೆ ಸಾಬೀತು ಬೇಕಾಗಿಲ್ಲ ಅಂತ ಕೋರ್ಟ್ ಹೇಳ್ತು. 1998ರ ಮುಖ್ತಿಯಾರ್ ಚಂದ್ ಕೇಸ್‌ನಲ್ಲಿ, ರಾಜ್ಯದ ಕಾನೂನು ಒಪ್ಪಿಗೆ ಕೊಟ್ಟಿದ್ರೆ ಮಾತ್ರ ಆಯುರ್ವೇದದವರು ಅಲೋಪತಿ ಔಷಧಿ ಬರೀಬಹುದು ಅಂತ ಬಂತು. ಹಾಗಾಗಿ ಒಂದು ರಾಜ್ಯದಲ್ಲಿ ಸರಿ ಇರೋದು ಇನ್ನೊಂದ್ರಲ್ಲಿ ತಪ್ಪಾಗ್ಬಹುದು. ದೂರು ಬರೆಯೋವಾಗ ನಿಮ್ಮ ಕೇಸ್‌ಗೆ ಯಾವ ಸರ್ಕಾರಿ ಆದೇಶ ಇದೆ ಅಂತ ಡಿಎಚ್‌ಒ ಆಫೀಸ್‌ನಲ್ಲೇ ಕೇಳಿ.

"ಎಂಎಸ್" ಅಂತ ಬೋರ್ಡ್ ಇದ್ರೆ ಯಾವ ಎಂಎಸ್ ಅಂತ ನೋಡಿ. ಆಯುರ್ವೇದದಲ್ಲೂ ಶಲ್ಯ (ಶಸ್ತ್ರಚಿಕಿತ್ಸೆ), ಶಾಲಾಕ್ಯ (ಕಣ್ಣು, ಕಿವಿ, ಮೂಗು, ಗಂಟಲು) ಅಂತ ಎಂಎಸ್ ಇದೆ, 2020ರ ಅಧಿಸೂಚನೆ ಪ್ರಕಾರ ಅವರಿಗೆ 58 ಬಗೆಯ ಶಸ್ತ್ರಚಿಕಿತ್ಸೆ ಕಲಿಸ್ಬಹುದು. ಅದು ಕಾನೂನು ಪ್ರಕಾರವೇ ಇದೆ, ಆದ್ರೆ ನೀವು ಯಾರ ಹತ್ರ ಆಪರೇಷನ್ ಮಾಡಿಸ್ಕೊಳ್ತಿದೀರಿ ಅಂತ ನಿಮಗೆ ಗೊತ್ತಿರ್ಬೇಕಲ್ವಾ.

ಈಗ ಅತೀ ಹೆಚ್ಚು ತೊಂದ್ರೆ ಕಾಣ್ತಿರೋದು ಕೂದಲು ಮತ್ತೆ ಸ್ಕಿನ್ ಕ್ಲಿನಿಕ್‌ಗಳಲ್ಲಿ. ಹೊರಗೆ ಡಾಕ್ಟರ್ ಹೆಸರು, ಒಳಗೆ ಕೈ ಹಾಕೋದು ಟೆಕ್ನಿಷಿಯನ್. ಹೇರ್ ಟ್ರಾನ್ಸ್‌ಪ್ಲಾಂಟ್ ಅಂದ್ರೆ ಅದೂ ಆಪರೇಷನ್ನೇ. ಯೂಟ್ಯೂಬ್ ನೋಡಿ, ವರ್ಕ್‌ಶಾಪ್ ನೋಡಿ ಕಲಿತಿದ್ದು ಇದಕ್ಕೆ ಸಾಲಲ್ಲ ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರ ಮಾರ್ಗಸೂಚಿಯಲ್ಲೇ ಬರೆದಿದೆ. ದುಡ್ಡು ಕಟ್ಟೋಕೆ ಮುಂಚೆ ಮೂರು ಪ್ರಶ್ನೆ ಕೇಳಿ: ನನಗೆ ಆಪರೇಷನ್ ಮಾಡೋರು ಯಾರು, ಅವರ ನೋಂದಣಿ ನಂಬರ್ ಏನು, ಮಧ್ಯದಲ್ಲಿ ಉಸಿರು ಬಿಪಿ ಏರುಪೇರಾದ್ರೆ ನೋಡ್ಕೊಳ್ಳೋಕೆ ಇಲ್ಲಿ ಏನು ವ್ಯವಸ್ಥೆ ಇದೆ. ಉತ್ತರ ತೇಲಿಸಿ ಹೇಳಿದ್ರೆ ಎದ್ದು ಬನ್ನಿ.

ಫೋನ್, ವಿಡಿಯೋ ಕಾಲ್ ಡಾಕ್ಟರ್‌ಗಳಿಗೂ ಇದೇ ನಿಯಮ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಆನ್‌ಲೈನ್ ಚೀಟಿ ಮೇಲೂ ನೋಂದಣಿ ನಂಬರ್ ಇರ್ಬೇಕು. ಅಮಲು ಬರಿಸೋ ಔಷಧಿ, ಷೆಡ್ಯೂಲ್ ಎಕ್ಸ್ (ಸರ್ಕಾರ ಬಿಗಿ ನಿಯಂತ್ರಣ ಇಟ್ಟಿರೋ ಔಷಧಿಗಳ ಪಟ್ಟಿ) ಒಳಗಿರೋ ಔಷಧಿ ಆನ್‌ಲೈನ್‌ನಲ್ಲಿ ಬರೀಬಾರದು. "ಶುಗರ್ ಪೂರ್ತಿ ವಾಸಿ, ಕ್ಯಾನ್ಸರ್ ಗ್ಯಾರಂಟಿ ವಾಸಿ" ಅಂತ ಜಾಹೀರಾತು ಹಾಕೋದು 1954ರ ಕಾಯ್ದೆ ಪ್ರಕಾರವೇ ಕಾನೂನುಬಾಹಿರ, ಅಂಥ ಜಾಹೀರಾತು ಕಂಡ್ರೆ ಅದರ ಫೋಟೋ ಇಟ್ಕೊಳ್ಳಿ.

ಹಂತ 5: ಏನೋ ತಪ್ಪಾಗಿದೆ ಅನ್ನಿಸಿದ್ರೆ ಮೊದಲು ದಾಖಲೆ

ಇಲ್ಲಿಂದ ಎರಡನೇ ಪ್ರಶ್ನೆ. ಕೋಪ ಬಂದಿರುತ್ತೆ, ಮನೇಲಿ ದುಃಖ ಇರುತ್ತೆ, ಅದು ನನಗೆ ಅರ್ಥ ಆಗುತ್ತೆ. ಆದ್ರೂ ಹೇಳ್ತೀನಿ, ಮೊದಲ ವಾರದಲ್ಲಿ ಮಾಡ್ಬೇಕಾದ ಕೆಲಸ ಜಗಳ ಅಲ್ಲ, ದಾಖಲೆ ತಗೊಳ್ಳೋದು. ಆಸ್ಪತ್ರೇಲಿ ಗಲಾಟೆ ಮಾಡಿ ಗಾಜು ಒಡೆದ್ರೆ, ಸಿಬ್ಬಂದಿ ಮೇಲೆ ಕೈ ಮಾಡಿದ್ರೆ 2009ರ ರಾಜ್ಯದ ಕಾಯ್ದೆ ಪ್ರಕಾರ ನಿಮ್ಮ ಮೇಲೇ ಕೇಸ್ ಆಗುತ್ತೆ, ಆಮೇಲೆ ನಿಮ್ಮ ದೂರನ್ನ ಯಾರೂ ಗಂಭೀರವಾಗಿ ನೋಡಲ್ಲ.

2002ರ ನಿಯಮದಲ್ಲಿ ಇದು ಖಚಿತವಾಗಿದೆ: ಒಳರೋಗಿಯ ದಾಖಲೆಗಳನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಕೊಂಡಿರ್ಬೇಕು, ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರೋರು ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು. ಬಾಯಲ್ಲಿ ಕೇಳ್ಬೇಡಿ. ಒಂದು ಹಾಳೆಯಲ್ಲಿ ಬರೀರಿ, "ಪೂರ್ತಿ ಕೇಸ್ ಶೀಟ್" ಅಂತಲೇ ಬರೀರಿ, ಯಾಕಂದ್ರೆ ಬರೀ ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಕಳಿಸಿಬಿಡ್ತಾರೆ. ಸಮ್ಮರಿ ಅಂದ್ರೆ ಕೊನೇಲಿ ಬರೆದ ಒಂದೆರಡು ಪುಟದ ಸಾರಾಂಶ ಅಷ್ಟೇ, ನಿಮಗೆ ಬೇಕಾಗಿರೋದು ದಿನದಿನದ ನೋಟ್ಸ್, ನರ್ಸ್ ಚಾರ್ಟ್, ಕೊಟ್ಟ ಔಷಧಿ ಹೊತ್ತು, ಅರಿವಳಿಕೆ ನೋಟ್ಸ್, ಆಪರೇಷನ್ ನೋಟ್ಸ್, ಸಹಿ ಹಾಕಿಸ್ಕೊಂಡ ಒಪ್ಪಿಗೆ ಪತ್ರ, ಸ್ಕ್ಯಾನ್ ಫಿಲ್ಮು ಮತ್ತು ರಿಪೋರ್ಟು, ಬಿಲ್‌ಗಳು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್, ಸಹಿ, ತಾರೀಕು ಹಾಕಿಸ್ಕೊಳ್ಳಿ. ತಗೊಳ್ಳೋಕೆ ಒಪ್ಪದಿದ್ರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ. 72 ಗಂಟೇಲಿ ಕೊಡ್ಲಿಲ್ಲ ಅಂದ್ರೆ ಅದೇ ಒಂದು ತಪ್ಪು, ದೂರಿನಲ್ಲಿ ಬರೀಬಹುದು.

ರೋಗಿ ತೀರ್ಕೊಂಡಿದ್ದು ಚಿಕಿತ್ಸೆ ತಪ್ಪಿನಿಂದ ಅನ್ನೋ ಬಲವಾದ ಅನುಮಾನ ಇದ್ರೆ, ಅಂತ್ಯಕ್ರಿಯೆಗೆ ಮುಂಚೆ ಪೊಲೀಸ್‌ಗೆ ತಿಳಿಸಿ ಪೋಸ್ಟ್‌ಮಾರ್ಟಂ ಕೇಳ್ಬೇಕು. ಆ ಹೊತ್ತಲ್ಲಿ ಇದನ್ನ ಮಾತಾಡೋದು ಎಷ್ಟು ಕಷ್ಟ ಅಂತ ಗೊತ್ತು, ಆದ್ರೆ ಆಮೇಲೆ ಸಾವಿಗೆ ಕಾರಣ ಇದೇ ಅಂತ ತೋರಿಸೋಕೆ ತುಂಬಾ ಕಷ್ಟ ಆಗುತ್ತೆ.

ದಾಖಲೆ ಬಂದ ಮೇಲೆ ಅದೇ ವಿಭಾಗದ, ಈ ಆಸ್ಪತ್ರೆಗೆ ಸಂಬಂಧ ಇಲ್ಲದ ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ. ಫಲಿತಾಂಶ ಕೆಟ್ಟದಾಯ್ತು ಅಂದ್ರೆ ನಿರ್ಲಕ್ಷ್ಯ ಆಗಿದೆ ಅಂತ ಅರ್ಥ ಅಲ್ಲ. ಗೊತ್ತಿರೋ ಅಪಾಯ ಇರೋ ಆಪರೇಷನ್‌ನಲ್ಲಿ ಆ ಅಪಾಯ ಆಗಿರ್ಬಹುದು, ಡಾಕ್ಟರ್ ಎಲ್ಲಾ ಸರಿಯಾಗೇ ಮಾಡಿರ್ಬಹುದು. ಅದೇ ಓದು ಇರೋ ಸಾಧಾರಣ ಡಾಕ್ಟರ್ ಒಬ್ಬರು ತಗೊಳ್ತಿದ್ದಷ್ಟು ಎಚ್ಚರ ಇವರು ತಗೊಂಡ್ರಾ ಇಲ್ವಾ, ಕೋರ್ಟು ಕೌನ್ಸಿಲ್ಲು ಎಲ್ಲಾ ನೋಡೋದು ಅದನ್ನೇ. ಈ ಎರಡನೇ ಅಭಿಪ್ರಾಯದಲ್ಲಿ "ಇಲ್ಲ, ಇದ್ರಲ್ಲಿ ಅವರ ತಪ್ಪಿಲ್ಲ" ಅಂತ ಬಂದ್ರೆ ಅದನ್ನೂ ಮನಸ್ಸಿಟ್ಟು ಕೇಳಿ.

ಹಂತ 6: ಯಾವ ಬಾಗಿಲು ಯಾವ ಕೆಲಸಕ್ಕೆ

ಡಾಕ್ಟರ್ ವೃತ್ತಿಯಲ್ಲಿ ತಪ್ಪು ಮಾಡಿದಾರೆ, ಅವರ ಮೇಲೆ ಶಿಸ್ತುಕ್ರಮ ಆಗ್ಬೇಕು ಅಂದ್ರೆ ಕೆಎಂಸಿ. ಅವರು ಎಚ್ಚರಿಕೆ ಕೊಡ್ಬಹುದು, ಸ್ವಲ್ಪ ಕಾಲ ಇಲ್ಲಾ ಶಾಶ್ವತವಾಗಿ ಹೆಸರು ತೆಗೀಬಹುದು. ಪರಿಹಾರದ ದುಡ್ಡು ಕೊಡ್ಸೋ ಅಧಿಕಾರ ಇಲ್ಲ, ಜೈಲಿಗೆ ಕಳಿಸೋ ಅಧಿಕಾರನೂ ಇಲ್ಲ.

ಆಸ್ಪತ್ರೆ ಮೇಲೆ ದೂರು, ಅಂದ್ರೆ ದರಪಟ್ಟಿ ಮೀರಿ ಬಿಲ್ಲು, ತುರ್ತು ಸ್ಥಿತೀಲಿ ಅಡ್ವಾನ್ಸ್ ಇಲ್ದೆ ಮುಟ್ಟಲ್ಲ ಅಂದಿದ್ದು, ಬಿಲ್ ಬಾಕಿ ಅಂತ ಶವ ಕೊಡದೇ ಇದ್ದಿದ್ದು, ದಾಖಲೆ ಕೊಡದೇ ಇದ್ದಿದ್ದು, ಇವಕ್ಕೆಲ್ಲ ಜಿಲ್ಲೆಯ ಕೆಪಿಎಂಇ ಪ್ರಾಧಿಕಾರ. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳನ್ನ ಕಾಯ್ದೆಯಲ್ಲೇ ಸೇರಿಸಿದಾರೆ. ಅರ್ಜಿ ಡಿಎಚ್‌ಒ ಆಫೀಸ್‌ಗೆ. ಡಾಕ್ಟರ್ ಕೊಟ್ಟ ಚಿಕಿತ್ಸೆ ಸರಿಯಾ ತಪ್ಪಾ ಅನ್ನೋದನ್ನ ಮಾತ್ರ ಅಲ್ಲಿ ಎಳೀಬೇಡಿ, ಅದು ಕೌನ್ಸಿಲ್ ಕೆಲಸ.

ದುಡ್ಡು, ಪರಿಹಾರ ಬೇಕು ಅಂದ್ರೆ ಗ್ರಾಹಕರ ಆಯೋಗ, ಅಂದ್ರೆ ಕನ್ಸ್ಯೂಮರ್ ಕೋರ್ಟ್. ಡಾಕ್ಟರ್ ಸೇವೆ ಕೂಡ ಗ್ರಾಹಕ ಕಾಯ್ದೆ ಒಳಗೆ ಬರುತ್ತೆ ಅಂತ 1995ರಲ್ಲಿ ವಿ.ಪಿ. ಶಾಂತಾ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡ್ತು. ನೀವು ಆಸ್ಪತ್ರೆಗೆ ಕಟ್ಟಿದ ಮೊತ್ತ 50 ಲಕ್ಷದವರೆಗೆ ಇದ್ರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಗಮನಿಸಿ, ಲೆಕ್ಕ ನೀವು ಕಟ್ಟಿದ ಬಿಲ್ಲಿನ ಮೇಲೆ, ಕೇಳ್ತಿರೋ ಪರಿಹಾರದ ಮೇಲೆ ಅಲ್ಲ. ಕಟ್ಟಿದ್ದು 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ. ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್‌ನಲ್ಲೇ ಹಾಕ್ಬಹುದು. ಆದ್ರೆ 2 ವರ್ಷದ ಗಡುವು ಇದೆ, ಇದನ್ನ ದಪ್ಪ ಅಕ್ಷರದಲ್ಲಿ ಬರೆದಿಟ್ಕೊಳ್ಳಿ. ಕೌನ್ಸಿಲ್ ತೀರ್ಪು ಬರ್ಲಿ ಆಮೇಲೆ ಹಾಕೋಣ ಅಂತ ಕಾದು ಕೂತು ಗಡುವು ಮೀರಿಸ್ಕೊಂಡೋರು ತುಂಬಾ ಜನ. ಎರಡೂ ಕಡೆ ಒಟ್ಟಿಗೆ ಹಾಕ್ಬಹುದು, ಒಂದು ಇನ್ನೊಂದಕ್ಕೆ ಅಡ್ಡಿ ಅಲ್ಲ.

ಪೊಲೀಸ್ ಅಂದ್ರೆ ಸಾವು ಅಥವಾ ಗಂಭೀರ ಹಾನಿ, ಅದೂ ಘೋರ ನಿರ್ಲಕ್ಷ್ಯ ಇದ್ದಾಗ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಡಾಕ್ಟರ್ ಮೇಲೆ ಮುಂದುವರಿಯೋಕೆ ಮುಂಚೆ ಪೊಲೀಸ್ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ತಗೋಬೇಕು, ಸರ್ಕಾರಿ ಡಾಕ್ಟರ್‌ದಾದ್ರೆ ಒಳ್ಳೇದು ಅಂತ ಕೋರ್ಟೇ ಹೇಳಿದೆ. ಹಾಗಾಗಿ ದೂರು ಕೊಟ್ಟ ದಿನವೇ ಅರೆಸ್ಟ್ ಆಗ್ಲಿಲ್ಲ ಅಂತ ಪೊಲೀಸ್ ಸೇರ್ಕೊಂಡಿದಾರೆ ಅಂದ್ಕೋಬೇಡಿ.

ಇನ್ನು ನಕಲಿ ಡಾಕ್ಟರ್. ಇವರ ಮೇಲೆ ಕೆಎಂಸಿಗೆ ಮಾತ್ರ ಬರೆದು ಸುಮ್ಮನಾಗ್ಬೇಡಿ, ಪಟ್ಟೀಲೇ ಇಲ್ಲದವರ ಹೆಸರನ್ನ ಕೌನ್ಸಿಲ್ ಎಲ್ಲಿಂದ ತೆಗೆಯುತ್ತೆ? ಡಿಎಚ್‌ಒಗೆ ಮತ್ತೆ ಪೊಲೀಸ್‌ಗೆ ಕೊಡಿ, ಕೌನ್ಸಿಲ್‌ಗೆ ಒಂದು ಪ್ರತಿ ಕಳಿಸಿ. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ದೆ ಪ್ರಾಕ್ಟೀಸ್ ಮಾಡಿದ್ರೆ 1 ವರ್ಷದವರೆಗೆ ಜೈಲು ಇಲ್ಲಾ 5 ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ಅವರ ಕೈಯಿಂದ ಸಾವಾದ್ರೆ ಇನ್ನೂ ಗಂಭೀರ: ಭಾರತೀಯ ನ್ಯಾಯ ಸಂಹಿತೆ 106ರಲ್ಲಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಶಿಕ್ಷೆ, ನೋಂದಾಯಿತ ವೈದ್ಯರಿಗೆ ಮಾತ್ರ ಅದು 2 ವರ್ಷದವರೆಗೆ, ನಕಲಿಗಳಿಗೆ ಆ ರಿಯಾಯಿತಿ ಸಿಗಲ್ಲ. ನೀವೇ ಒಳಗೆ ನುಗ್ಗಿ ವಿಡಿಯೋ ಮಾಡಿ ಹಿಡಿಯೋಕೆ ಹೋಗ್ಬೇಡಿ. ಚೀಟಿ, ಬಿಲ್ಲು, ಬೋರ್ಡಿನ ಫೋಟೋ ಸಾಕು.

ಹಂತ 7: ದೂರು ಬರೆಯೋ ರೀತಿ

ಬಹಳ ದೂರುಗಳು ಬಿದ್ದು ಹೋಗೋದು ವಿಷಯ ಇಲ್ಲದಕ್ಕಲ್ಲ, ಬರೆದ ರೀತಿಗೆ. "ಡಾಕ್ಟರ್ ಕೊಲೆಗಾರ, ಆಸ್ಪತ್ರೆ ಲೂಟಿಕೋರರು" ಅಂತ ನಾಲ್ಕು ಪುಟ ಬರೆದ್ರೆ ಓದೋರಿಗೆ ಏನಾಯ್ತು ಅಂತ ಗೊತ್ತಾಗಲ್ಲ. ತಾರೀಕು, ಹೊತ್ತು, ಯಾರು, ಏನು ಮಾಡಿದ್ರು, ಯಾವ ದಾಖಲೆಯ ಯಾವ ಪುಟದಲ್ಲಿದೆ, ಈ ಕ್ರಮದಲ್ಲಿ ನಂಬರ್ ಹಾಕಿ ಬರೀರಿ. ಉದಾಹರಣೆಗೆ: "ರಾತ್ರಿ 11ಕ್ಕೆ ಉಸಿರಾಟದ ತೊಂದರೆ ಶುರುವಾಯಿತು ಎಂದು ನರ್ಸ್ ಬರೆದಿದ್ದಾರೆ, ಅನುಬಂಧ 4, ಪುಟ 12. ಬೆಳಿಗ್ಗೆ 6ರವರೆಗೆ ಯಾವ ವೈದ್ಯರೂ ನೋಡಿದ ದಾಖಲೆ ಇಲ್ಲ." ಈ ಎರಡು ಸಾಲಿನಲ್ಲಿ ಇರೋ ಶಕ್ತಿ ಬೈಗುಳದಲ್ಲಿ ಇಲ್ಲ.

ಡಾಕ್ಟರ್ ಹೆಸರು, ನೋಂದಣಿ ನಂಬರ್ ಸರಿಯಾಗಿ ಹಾಕಿ. ಆಸ್ಪತ್ರೆ ಹೆಸರಲ್ಲಿ ಮಾತ್ರ ಕೆಎಂಸಿಗೆ ದೂರು ಕೊಟ್ರೆ ಪ್ರಯೋಜನ ಇಲ್ಲ, ಅವರು ನೋಡೋದು ವ್ಯಕ್ತಿಯನ್ನ. ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಆದ ಡಾಕ್ಟರ್ ಆದ್ರೆ ಆ ರಾಜ್ಯದ ಕೌನ್ಸಿಲ್‌ಗೂ ಕಳಿಸಿ. ಹೇಳಿದ್ದೆಲ್ಲ ನಿಜ ಅಂತ ನೋಟರಿ ಮಾಡ್ಸಿದ ಅಫಿಡವಿಟ್ ಜೊತೆಗಿಡಿ, ಅನಾಮಧೇಯ ದೂರು ನಿಲ್ಲಲ್ಲ. ಎಷ್ಟು ಸೆಟ್ ಬೇಕು, ಯಾವ ನಮೂನೆ ಅಂತ ಕೌನ್ಸಿಲ್ ಆಫೀಸ್‌ಗೆ ಫೋನ್ ಮಾಡಿ ಕೇಳ್ಕೊಂಡೇ ಹೋಗಿ. ಮೂಲ ದಾಖಲೆ ಯಾರಿಗೂ ಕೊಡ್ಬೇಡಿ, ಜೆರಾಕ್ಸ್ ಮಾತ್ರ.

ಹಂತ 8: ಕೊಟ್ಟ ಮೇಲೆ

ಕೌನ್ಸಿಲ್ ಡಾಕ್ಟರ್‌ಗೆ ನೋಟಿಸ್ ಕೊಡುತ್ತೆ, ಅವರ ಉತ್ತರ ಬರುತ್ತೆ, ವಿಚಾರಣೆಗೆ ಇಬ್ಬರನ್ನೂ ಕರೀತಾರೆ. ಡಾಕ್ಟರ್ ವಕೀಲರ ಜೊತೆ ಬರಬಹುದು, ಅದನ್ನ ನೋಡಿ ಗಾಬರಿ ಆಗ್ಬೇಡಿ. ದೂರನ್ನ 6 ತಿಂಗಳಲ್ಲಿ ಮುಗಿಸ್ಬೇಕು ಅಂತ ನಿಯಮ ಹೇಳುತ್ತೆ, ನಿಜದಲ್ಲಿ ಅದಕ್ಕಿಂತ ಜಾಸ್ತಿ ಆಗೋದೇ ಹೆಚ್ಚು. ಆರು ತಿಂಗಳು ದಾಟಿದ್ರೆ ನಿಯಮ ಉಲ್ಲೇಖಿಸಿ ನೆನಪೋಲೆ ಬರೀರಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಬೇಗ ತೀರ್ಮಾನ ಮಾಡಿ ಅಂತ ಹೈಕೋರ್ಟ್‌ನಲ್ಲಿ ರಿಟ್ ಹಾಕ್ಬಹುದು. ಅದೇ ಡಾಕ್ಟರ್ ಅದೇ ಆಪರೇಷನ್ ಇನ್ನೂ ಮಾಡ್ತಿದಾರೆ, ಬೇರೆಯವರಿಗೆ ಅಪಾಯ ಇದೆ ಅನ್ನಿಸಿದ್ರೆ, ವಿಚಾರಣೆ ಮುಗಿಯೋವರೆಗೆ ಆ ಚಿಕಿತ್ಸೆ ಮಾಡದ ಹಾಗೆ ತಡೀರಿ ಅಂತ ಕೇಳ್ಬಹುದು, ಆ ಅಧಿಕಾರ ಕೌನ್ಸಿಲ್‌ಗೆ ನಿಯಮದಲ್ಲೇ ಇದೆ. ಇದನ್ನ ಕೇಳೋರೇ ಕಡಿಮೆ.

ಮೇಲ್ಮನವಿ ವಿಷಯದಲ್ಲಿ ರೋಗಿಗಳಿಗೆ ಅನ್ಯಾಯ ಇದೆ ಅಂತಲೇ ನನ್ನ ಅನಿಸಿಕೆ. ರಾಜ್ಯದ ಕೌನ್ಸಿಲ್ ಆದೇಶದ ಮೇಲೆ ದೆಹಲಿಯ ನ್ಯಾಷನಲ್ ಮೆಡಿಕಲ್ ಕಮಿಷನ್‌ನ ಎಥಿಕ್ಸ್ ಬೋರ್ಡ್‌ಗೆ ಹೋಗ್ಬಹುದು ಅಂತ 2019ರ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತೆ, ಆದ್ರೆ ಅದ್ರಲ್ಲಿ ಬರೆದಿರೋದು ಡಾಕ್ಟರ್‌ಗೆ ಇರೋ ಹಕ್ಕು ಮಾತ್ರ. ಇದೇ ಕಾರಣ ಕೊಟ್ಟು ರೋಗಿಗಳ ಕಡೆಯ ಮೇಲ್ಮನವಿಗಳನ್ನ ವಾಪಸ್ ಕಳಿಸಿದಾರೆ. 2002ರ ನಿಯಮದಲ್ಲಿ ನೊಂದ ಯಾರು ಬೇಕಾದ್ರೂ 60 ದಿನದಲ್ಲಿ ಹೋಗ್ಬಹುದು ಅಂತ ಇದೆ. ಹಾಗಾಗಿ ಕೌನ್ಸಿಲ್ ನಿಮ್ಮ ದೂರು ವಜಾ ಮಾಡಿದ್ರೆ 60 ದಿನದ ಒಳಗೇ ಮೇಲ್ಮನವಿನೂ ಕಳಿಸಿ, ಜೊತೆಗೇ ಹೈಕೋರ್ಟ್ ರಿಟ್ ಬಗ್ಗೆ ವಕೀಲರ ಹತ್ರ ಮಾತಾಡಿ, ಒಂದಕ್ಕೆ ಕಾದು ಇನ್ನೊಂದು ಕಳ್ಕೋಬೇಡಿ.

ಸರ್ಕಾರಿ ಆಸ್ಪತ್ರೆ ಬಗ್ಗೆ ಕೇಳೋರಿಗೆ: ಅಲ್ಲಿನ ಡಾಕ್ಟರೂ ಕೆಎಂಸಿ ಪಟ್ಟೀಲೇ ಇರೋದು, ಹಾಗಾಗಿ ಕೌನ್ಸಿಲ್ ದಾರಿ ಅದೇ. ಕೆಪಿಎಂಇ ಅನ್ವಯ ಆಗಲ್ಲ, ಅದು ಖಾಸಗಿಯವರಿಗೆ. ಎಲ್ಲರಿಗೂ ಪೂರ್ತಿ ಉಚಿತ ಇರೋ ಆಸ್ಪತ್ರೆ ಆದ್ರೆ ಗ್ರಾಹಕರ ಆಯೋಗಕ್ಕೆ ಹೋಗೋಕಾಗಲ್ಲ, ಆದ್ರೆ ಕೆಲವರ ಹತ್ರ ದುಡ್ಡು ತಗೊಂಡು ಕೆಲವರಿಗೆ ಉಚಿತ ಕೊಡೋ ಆಸ್ಪತ್ರೆ ಆದ್ರೆ ಉಚಿತ ಚಿಕಿತ್ಸೆ ತಗೊಂಡೋರೂ ಹೋಗ್ಬಹುದು, ಶಾಂತಾ ಕೇಸ್‌ನಲ್ಲೇ ಇದು ಇದೆ. ಲಂಚ ಕೇಳಿದ್ರೆ ಲೋಕಾಯುಕ್ತ. ಕೇಸ್ ಶೀಟ್ ಕೊಡ್ದೇ ಸತಾಯಿಸಿದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡ್ಬೇಕು.